ಹಾಲುಹಲ್ಲಿನ ಹೋರಿ, ಹತ್ತು ವರ್ಷದ ಹುಡುಗ

ಭೋಜ, ಕಾರದಗಾ, ಬೇಡಕಿಹಾಳ, ಕುನ್ನೂರು, ಬೋರಗಾಂವ, ಸದಲಗಾ ಮತ್ತು ಸುತ್ತಲಿನ ಊರುಗಳಲ್ಲಿ ಶರ್ಯತ್ತಿನ ಎತ್ತು ಸಾಕಿದ ಮನೆಗಳ ಹಿರಿಯರಿಗೆ, ಗಾಡಿ ಹೊಡೆಯುವ ತಮ್ಮಂದಿರಿಗೆ, ಜಾತ್ರಾ ಕಮಿಟಿಯವರಿಗೆ,



ನಾನು ನಿಮ್ಮ ದನದ ಡಾಕ್ಟರು. ಸರಕಾರಿ ನೌಕರಿ ಮುಗಿದಿದೆ. ಆದರೆ ದೂಧಗಂಗಾ, ವೇದಗಂಗಾ ದಂಡೆಯ ಊರುಗಳಲ್ಲಿ ಆಕಳು ಈಯಲು ಕಷ್ಟಪಟ್ಟರೆ, ಎತ್ತಿನ ಕಾಲು ಬಾತರೆ ಈಗಲೂ ನನಗೆ ಫೋನ್ ಬರುತ್ತದೆ, ನಾನೂ ಬರುತ್ತೇನೆ. ನಿಮ್ಮ ಗ್ವಾದಲಿಯ ಮುಂದೆ ಕೂತು ಚಹಾ ಕುಡಿದ ಸಲಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೇ ಹೇಳಬಹುದಿತ್ತು, ಕೆಲವರಿಗೆ ಹೇಳಿಯೂ ಇದ್ದೇನೆ. ಆದರೆ ಹಾಗೆ ಹೇಳಿದಾಗ ಆ ಮನೆಯ ಕಡೆ ಬೊಟ್ಟು ಮಾಡಿದಂತಾಗುತ್ತದೆ. ವಿಷಯ ಒಂದು ಮನೆಯದಲ್ಲ.

ಹೋರಿಗರುವನ್ನು ಹೇಗೆ ಬೆಳೆಸಬೇಕು ಎಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಖಿಲ್ಲಾರಿ ಆಕಳು ಹೋರಿಗರು ಹಾಕಿದರೆ ಆ ಮನೆಯ ಚಹಾಕ್ಕೆ ಹಾಲು ಬೇರೆ ಕಡೆಯಿಂದ ಬರುತ್ತದೆ, ತಾಯಿಯ ಹಾಲೆಲ್ಲ ಕರುವಿನ ಪಾಲು. ಮೈ ತಿಕ್ಕುವವರೊಬ್ಬರು, ಉಣ್ಣೆ ಆರಿಸುವವರೊಬ್ಬರು. ಸ್ವಲ್ಪ ದೊಡ್ಡದಾದ ಮೇಲೆ ಹರಗಿದ ಹೊಲದಲ್ಲೋ ಹೊಳೆದಂಡೆಯ ಮಳಲಿನಲ್ಲೋ ಬಿಡುತ್ತೀರಿ. ಅದು ಬಾಲ ಎತ್ತಿ, ಹಿಂಗಾಲು ಝಾಡಿಸಿ ಓಡುತ್ತದೆ. ಬೆನ್ನಟ್ಟುವವರು ಯಾರೂ ಇಲ್ಲ. ತಟ್ಟನೆ ನಿಲ್ಲುತ್ತದೆ, ತಾಯಿ ಎಲ್ಲಿದ್ದಾಳೆಂದು ಹೊರಳಿ ನೋಡುತ್ತದೆ, ಮತ್ತೆ ಓಡುತ್ತದೆ. ನೀವು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತು ನೋಡುತ್ತೀರಿ. ‘ಇದಕ್ಕ ಓಡೂ ಹುಚ್ಚ ಐತಿ’ ಅನ್ನುತ್ತೀರಿ. ಮುಂದೆ ಅದು ಎಂಥ ಎತ್ತಾದೀತು ಎಂಬುದನ್ನು ನೀವು ಅಳೆಯುವುದು ಆ ಗಳಿಗೆಯಲ್ಲಿ.

ನಿಮ್ಮ ಅಳತೆ ಸರಿಯಾದದ್ದು. ನೋವಿರುವ ಕರು ಆಡುವುದಿಲ್ಲ, ಹಸಿದ ಕರು ಆಡುವುದಿಲ್ಲ, ತಾಯಿಯಿಂದ ಅಗಲಿಸಿದ ಕರುವಿಗೆ ಕೆಲ ದಿನ ಆಟ ಬೇಡವಾಗುತ್ತದೆ. ಪಶುವೈದ್ಯಶಾಸ್ತ್ರದಲ್ಲಿ ಈಗ ಕರುವಿನ ಆಟವನ್ನು ಅದರ ನೆಮ್ಮದಿಯ ಗುರುತೆಂದೇ ಲೆಕ್ಕ ಹಿಡಿಯುತ್ತಾರೆ. ಜ್ವರಕ್ಕೆ ಥರ್ಮಾಮೀಟರ್ ಇಟ್ಟ ಹಾಗೆ ಕರು ಎಷ್ಟು ಹೊತ್ತು ಕುಣಿಯಿತು ಎಂದು ಗಡಿಯಾರ ಹಿಡಿದು ನೋಡಿದವರಿದ್ದಾರೆ. ನಿಮ್ಮ ಅಜ್ಜಂದಿರು ಗಡಿಯಾರವಿಲ್ಲದೆ ನೋಡಿದ್ದು ಅದನ್ನೇ.

ಇದೇ ಮಾತನ್ನು ಭೂಮಿಯ ಇನ್ನೊಂದು ತುದಿಯಲ್ಲಿ ಹೇಳುವವರಿದ್ದಾರೆ. ಅಮೆರಿಕದ ಅಲಾಸ್ಕಾ ಎಂಬ ಹಿಮದ ನಾಡಿನಲ್ಲಿ ನಾಯಿಗಳನ್ನು ಕಟ್ಟಿ ಗಾಲಿಯಿಲ್ಲದ ಗಾಡಿ ಓಡಿಸುವ ಜನ ಅವರು. ಅವರ ದೊಡ್ಡ ಶರ್ಯತ್ತಿನ ಹೆಸರು ಇಡಿಟರಾಡ್. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಶರ್ಯತ್ತಿನ ಸುದ್ದಿಯನ್ನು ನಿಮ್ಮಷ್ಟು ಕಿವಿಗೊಟ್ಟು ಕೇಳುವವರು ನನಗೆ ಬೇರೆಲ್ಲಿ ಸಿಗಬೇಕು?

ಪ್ರತಿ ಮಾರ್ಚ್ ತಿಂಗಳಲ್ಲಿ ಆಂಕರೇಜ್ ಎಂಬ ಪಟ್ಟಣದಿಂದ ಹೊರಟು ಸಮುದ್ರ ದಂಡೆಯ ನೋಮ್ ಎಂಬ ಊರು ಮುಟ್ಟಬೇಕು. ದೂರ ಸುಮಾರು 1600 ಕಿಲೋಮೀಟರ್. ನಿಪ್ಪಾಣಿಯಿಂದ ಹೊರಟರೆ ದಿಲ್ಲಿ ಸಮೀಪಿಸುವಷ್ಟು. ನಡುವೆ ಬೆಟ್ಟಸಾಲು, ಹೆಪ್ಪುಗಟ್ಟಿದ ಯೂಕಾನ್ ನದಿ, ಕಣ್ಣೆದುರಿನ ಕೈ ಕಾಣದಂಥ ಹಿಮದ ಬಿರುಗಾಳಿ. 1973ರಲ್ಲಿ ಮೊದಲ ಸಲ ಗೆದ್ದ ಡಿಕ್ ವಿಲ್ಮಾರ್ತ್‌ಗೆ 20 ದಿನ ಹಿಡಿದಿತ್ತು. 2017ರಲ್ಲಿ ಮಿಚ್ ಸೀವಿ ಎಂಟು ದಿನ ಮೂರು ಗಂಟೆ ಚಿಲ್ಲರೆಯಲ್ಲಿ ಮುಟ್ಟಿದರು. ಅಷ್ಟು ದೂರ ಓಡುವ ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿಯ ಆಹಾರ ಬೇಕು. ಗಟ್ಟಿಮುಟ್ಟಾದ ಒಬ್ಬ ಕೂಲಿಯಾಳು ಮೂರು ದಿನ ಉಣ್ಣುವಷ್ಟು ಅದು.

ನಿಮಗೆ ಆಶ್ಚರ್ಯವಾಗುವ ಸಂಗತಿ ಬೇರೆ ಇದೆ. ಆ ನಾಯಿಗಳಿಗೆ ಮೂಗದಾರವಿಲ್ಲ, ಕಡಿವಾಣವಿಲ್ಲ, ಗಾಡಿಯವನ ಕೈಯಲ್ಲಿ ಹಗ್ಗವೂ ಇಲ್ಲ. ಎಡಕ್ಕೆ, ಬಲಕ್ಕೆ, ನಿಲ್ಲು, ನಡೆ, ಎಲ್ಲವೂ ಬಾಯಿಮಾತಿನಲ್ಲಿ. ಮುಂದಿನ ನಾಯಿ ಮಾತು ಕೇಳಿ ಹೊರಳುತ್ತದೆ, ಉಳಿದವು ಅದರ ಹಿಂದೆ. ಓಡುವ ಮನಸ್ಸೇ ಇಲ್ಲದ ನಾಯಿಯನ್ನು ಸಾವಿರದ ಆರುನೂರು ಕಿಲೋಮೀಟರ್ ಓಡಿಸಲು ಯಾರಿಂದಲೂ ಆಗದು. ಹತ್ತು ನಿಮಿಷದ ಓಟವನ್ನು ಬಾರಕೋಲಿನ ಭಯದಿಂದ ಗೆಲ್ಲಬಹುದೇನೋ, ಎಂಟು ದಿನದ ಓಟವನ್ನು ಭಯದಿಂದ ಮುಗಿಸಲಾಗದು.

ಹೀಗಾಗಿ ಮರಿಗಳ ವಿಷಯದಲ್ಲಿ ಅವರು ಬಹಳ ಜೋಪಾನ. ಮೊದಮೊದಲು ಮರಿಗಳನ್ನು ಗುಂಪಾಗಿ ಬಯಲಿಗೆ ಬಿಟ್ಟು ತಾವೂ ಜೊತೆಗೆ ಅಲೆಯುತ್ತಾರೆ. ಅರ್ಧ ವರ್ಷ ದಾಟಿದ ಮೇಲೆ ಹಿರಿಯ ನಾಯಿಯ ಪಕ್ಕಕ್ಕೆ ಕಟ್ಟಿ, ದಣಿಯುವ ಮೊದಲೇ ನಿಲ್ಲಿಸುವಷ್ಟು ಸಣ್ಣ ಓಟ. ಎರಡು ವರ್ಷದ ಆಸುಪಾಸಿಗೆ ದೊಡ್ಡ ಶರ್ಯತ್ತಿಗೆ ಕರೆದೊಯ್ಯುವಾಗಲೂ ಗೆಲ್ಲಲೆಂದು ಒಯ್ಯುವುದಿಲ್ಲ. ದೊಡ್ಡ ನಾಯಿಮನೆಗಳವರು ಅನೇಕ ಸಲ ಎರಡು ತಂಡ ಕಳಿಸುತ್ತಾರೆ. ಒಂದು ಗೆಲ್ಲುವ ತಂಡ, ಇನ್ನೊಂದು ಎಳೆಯ ನಾಯಿಗಳ ತಂಡ. ಎಳೆಯರ ತಂಡವನ್ನು ಹೊಡೆಯುವವನಿಗೆ ಸ್ಥಾನದ ಚಿಂತೆ ಇಲ್ಲ. ನಿಧಾನವಾಗಿ ಹೋಗು, ಹೆಚ್ಚು ಹೊತ್ತು ಮಲಗಿಸು, ಚೆನ್ನಾಗಿ ಉಣ್ಣಿಸು, ನೋಮ್ ಮುಟ್ಟಿದಾಗ ಅವುಗಳ ಬಾಲ ಆಡುತ್ತಿರಬೇಕು, ಇಷ್ಟೇ ಅವನಿಗೆ ಒಪ್ಪಿಸಿದ ಕೆಲಸ. ಮೊದಲ ದೂರದ ದಾರಿ ಖುಷಿಯ ದಾರಿಯಾಗಿ ಉಳಿದರೆ ಆ ನಾಯಿ ಮುಂದೆ ಹಲವು ವರ್ಷ ಆ ದಾರಿಯನ್ನು ಬಯಸಿ ಓಡುತ್ತದೆ. ಮೊದಲ ಸಲವೇ ಹಿಂಡಿ ಹಿಪ್ಪೆ ಮಾಡಿದರೆ ಮರುವರ್ಷ ಹಿಮ ಕಂಡೊಡನೆ ಕೂತುಬಿಡುತ್ತದೆ.

ಅಲ್ಲಿನ ಪಶುವೈದ್ಯರ ಕೆಲಸ ನೋಡಿ ನನಗೆ ಮನಸ್ಸು ತುಂಬಿತು. ದಾರಿಯುದ್ದಕ್ಕೂ ಠಾಣೆಗಳಿವೆ, ಪ್ರತಿ ಠಾಣೆಯಲ್ಲಿ ಡಾಕ್ಟರರಿದ್ದಾರೆ. ಎದೆಬಡಿತ ನೋಡುತ್ತಾರೆ, ಮೈಯಲ್ಲಿ ನೀರು ಆರಿದೆಯೇ ಎಂದು ಚರ್ಮ ಎತ್ತಿ ನೋಡುತ್ತಾರೆ, ತೂಕ ಇಳಿದಿದೆಯೇ, ಉಸಿರಿನಲ್ಲಿ ಗೊರಗೊರ ಇದೆಯೇ, ಹಸಿವು ಇದೆಯೇ ಎಂದು ನೋಡುತ್ತಾರೆ. ಇವುಗಳ ಜೊತೆಗೆ ನಾಯಿ ಗೆಲುವಾಗಿದೆಯೇ, ಕರೆದರೆ ಕಿವಿ ನಿಮಿರಿಸುತ್ತದೆಯೇ ಎಂಬುದನ್ನೂ ನೋಡಬೇಕೆಂದು ಅವರ ತಪಾಸಣೆಯ ಪಟ್ಟಿಯಲ್ಲೇ ಇದೆ. ಎದೆಬಡಿತದ ಸಾಲಿನಲ್ಲೇ ಮನಸ್ಸಿನ ಗೆಲುವಿಗೂ ಜಾಗ! ಶರ್ಯತ್ತಿನಲ್ಲಿ ಒಂದು ಸಲ 24 ಗಂಟೆ, ಎರಡು ಸಲ ಎಂಟೆಂಟು ಗಂಟೆ ಕಡ್ಡಾಯ ವಿಶ್ರಾಂತಿ. ಅಂಗಾಲು ಸೀಳದಂತೆ ನಾಲ್ಕೂ ಕಾಲಿಗೆ ಬಟ್ಟೆಯ ಬೂಟು. ದಾರಿಯಲ್ಲಿ ಒಂದು ನಾಯಿ ಸೋತರೆ ಅದನ್ನು ಗಾಡಿಯೊಳಗೆ ಮಲಗಿಸಿ, ಉಳಿದವು ಅದನ್ನೂ ಎಳೆದು ಮುಂದಿನ ಠಾಣೆ ಮುಟ್ಟಿಸುತ್ತವೆ. ಕಟ್ಟಕಡೆಗೆ ಬಂದು ಮುಟ್ಟಿದವನಿಗೂ ಕೆಂಪು ಕಂದೀಲಿನ ಬಹುಮಾನ ಇದೆ.

ಇಷ್ಟೆಲ್ಲ ಇದ್ದರೂ ಆ ಶರ್ಯತ್ತಿನಲ್ಲಿ ನಾಯಿಗಳು ಸತ್ತಿವೆ. ಇದನ್ನು ನಿಲ್ಲಿಸಬೇಕೆನ್ನುವವರು ಅಲ್ಲಿಯೂ ಇದ್ದಾರೆ, ದೊಡ್ಡ ಕಂಪನಿಗಳು ಪ್ರಾಯೋಜಕತ್ವ ಹಿಂತೆಗೆದಿವೆ. ನಾನು ಅವರನ್ನು ದೇವರ ಪಟದ ಪಕ್ಕದಲ್ಲಿ ಇಡುತ್ತಿಲ್ಲ. ಮರಿಯ ಬಾಲ್ಯವನ್ನು ಕಾಯುವ ಅವರ ರೀತಿಯಷ್ಟೇ ನನಗೆ ಬೇಕಾದದ್ದು.

ಅಲಾಸ್ಕಾದವರು ಇಂದಿಗೂ ನೆನೆಯುವ ಒಂದು ನಾಯಿ ಟೋಗೊ. 1925ರ ಚಳಿಗಾಲದಲ್ಲಿ ನೋಮ್ ಊರಿನ ಮಕ್ಕಳಿಗೆ ಗಂಟಲಮಾರಿ ಬಂತು. ಔಷಧಿ ಇದ್ದದ್ದು ಸಾವಿರ ಕಿಲೋಮೀಟರಿಗೂ ಆಚೆ. ವಿಮಾನ ಹಾರುವಂತಿಲ್ಲ, ಹಡಗು ಬರುವಂತಿಲ್ಲ. 20 ಗಾಡಿಯವರು, ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸಿ ಐದೂವರೆ ದಿನದಲ್ಲಿ ಆ ಔಷಧಿ ಮುಟ್ಟಿಸಿದರು. ಅದರಲ್ಲಿ ಎಲ್ಲಕ್ಕಿಂತ ದೂರದ, ಎಲ್ಲಕ್ಕಿಂತ ಅಪಾಯದ ಪಾಲು ಲಿಯೊನಾರ್ಡ್ ಸೆಪ್ಪಲಾ ಅವರದು, ಅವರ ಮುಂದಿನ ನಾಯಿ ಟೋಗೊ. ಆಗ ಅದಕ್ಕೆ 12 ವರ್ಷ, ನಾಯಿಯ ಲೆಕ್ಕದಲ್ಲಿ ಮುದಿತನ. ಈ ಟೋಗೊ ಮರಿಯಾಗಿದ್ದಾಗ ರೋಗಿಷ್ಟ, ಮೇಲಾಗಿ ಮಹಾ ತುಂಟ. ದೊಡ್ಡ ನಾಯಿಗಳ ಓಟದ ನಡುವೆ ನುಗ್ಗಿ ಕಾಡುತ್ತಿತ್ತು. ಇದು ಕೆಲಸಕ್ಕೆ ಬಾರದ್ದೆಂದು ಸೆಪ್ಪಲಾ ಅದನ್ನು ಒಂದು ಮನೆಗೆ ಸಾಕಲು ಕೊಟ್ಟುಬಿಟ್ಟರು. ಅದು ಕಿಟಕಿಯ ಗಾಜು ಒಡೆದು ಹಾರಿ, ದಾರಿ ಹುಡುಕಿಕೊಂಡು ಮರಳಿ ಬಂತು. ಕೊನೆಗೆ ಬೇರೆ ಉಪಾಯ ಕಾಣದೆ ತಂಡಕ್ಕೆ ಕಟ್ಟಿದರು. ಓಡಬೇಕೆಂಬ ಹಂಬಲ ಅದಕ್ಕೆ ಯಾರೂ ತುರುಕಿದ್ದಲ್ಲ. ಹನ್ನೆರಡನೆಯ ವರ್ಷದಲ್ಲೂ ಆ ಹಂಬಲ ಆರಿರಲಿಲ್ಲ.

ಈಗ ನಮ್ಮ ಹೋರಿಗಳ ಕಡೆ ಬರುತ್ತೇನೆ. ಗಡಿಯಾಚೆ ಮಹಾರಾಷ್ಟ್ರದ ಮೈದಾನಗಳಲ್ಲಿ ‘ಆದತ್’ ಎಂದು ಹಾಲುಹಲ್ಲಿನ ಹೋರಿಗಳಿಗೇ ಒಂದು ಗಟ ಇದೆ. ಆ ಗಾಳಿ ನಮ್ಮ ಕಡೆಗೂ ಬೀಸಿದೆ. ಎರಡು ಹಲ್ಲು ಬರುವ ಮೊದಲೇ ನೊಗಕ್ಕೆ ಹೆಗಲು ಕೊಡಿಸಿ, ಡಾಂಬರು ರಸ್ತೆಯ ಮೇಲೆ ಓಡಿಸಿ, ಹಿಂದೆ ಮೋಟರ್‌ಸೈಕಲ್ಲಿನ ದಂಡು, ಹಾರ್ನು, ಸೀಟಿ. ಇಂಥ ಹೋರಿಗಳನ್ನು ಮರುದಿನ ನೋಡುವವನು ನಾನು.

ಹಲ್ಲು ನೋಡುವುದು ನಿಮಗೂ ಗೊತ್ತು. ಬಾಯಿಯ ಬದಿಯಲ್ಲಿ ಹಲ್ಲಿಲ್ಲದ ಸಂದಿಗೆ ಹೆಬ್ಬೆರಳು ತೂರಿಸಿ ನಾಲಿಗೆ ಸರಿಸಿದರೆ ಕೆಳದವಡೆಯ ಎಂಟು ಹಲ್ಲು ಕಾಣುತ್ತವೆ, ಮೇಲೆ ಬರಿಯ ಒಸಡು. ಎಂಟೂ ಸಣ್ಣವು, ಬಿಳಿಯವು, ನಡುವೆ ಸಂದು ಇದ್ದರೆ ಅದು ಹಾಲುಹಲ್ಲಿನ ಬಾಯಿ. ಎರಡು, ಎರಡೂವರೆ ವರ್ಷಕ್ಕೆ ನಡುವಿನ ಎರಡು ಬಿದ್ದು ಅಗಲವಾದ ಹಲ್ಲು ಬರುತ್ತವೆ. ಐದು ವರ್ಷದ ಆಚೀಚೆ ಬಾಯಿಗೂಡುತ್ತದೆ. ಹಲ್ಲು ಕಣ್ಣಿಗೆ ಕಾಣುತ್ತದೆ, ಎಲುಬು ಕಾಣುವುದಿಲ್ಲ. ಮುಂಗಾಲಿನ ಉದ್ದೆಲುಬಿನ ಕೆಳತುದಿಯಲ್ಲಿ ಬೆಳೆಯುವ ಒಂದು ಮೆತ್ತನೆಯ ಪಟ್ಟಿ ಇರುತ್ತದೆ. ಅದು ಪೂರ್ತಿ ಗಟ್ಟಿಯಾಗಲು ಮೂರೂವರೆ, ನಾಲ್ಕು ವರ್ಷ ಬೇಕು. ಅಷ್ಟರೊಳಗೆ ಗಟ್ಟಿ ರಸ್ತೆಯ ಏಟು ಬಿದ್ದರೆ ಆ ಜಾಗ ಬಾಯುತ್ತದೆ. ಅಂಗೈ ಇಟ್ಟರೆ ಬಿಸಿ ತಾಗುತ್ತದೆ, ಒತ್ತಿದರೆ ಹೋರಿ ಕಾಲು ಎತ್ತಿಕೊಳ್ಳುತ್ತದೆ. ನೀವು ಸುಣ್ಣ, ಅರಿಸಿನ ಹಚ್ಚುತ್ತೀರಿ, ನಾನು ಇಂಜೆಕ್ಷನ್ ಕೊಡುತ್ತೇನೆ, ಬಾವು ಇಳಿಯುತ್ತದೆ. ಆದರೆ ಆಮೇಲೆ ಆ ಹೋರಿ ನೊಗ ಕಂಡರೆ ಹಿಂದೆ ಸರಿಯುತ್ತದೆ. ಹಾಗೆ ಸರಿಯುವುದನ್ನು ನೀವೂ ನೋಡಿದ್ದೀರಿ. ಅದಕ್ಕೆ ಇಂಜೆಕ್ಷನ್ ಇಲ್ಲ.

2014ರ ಮೇ 7ರಂದು ಸುಪ್ರೀಂ ಕೋರ್ಟು ಗಾಡಿ ಶರ್ಯತ್ತನ್ನು ನಿಲ್ಲಿಸಿದಾಗ ನಿಮ್ಮ ಮನೆಗಳಲ್ಲಿ ಸೂತಕದ ಕಳೆ ಇದ್ದುದನ್ನು ನಾನು ಕಂಡಿದ್ದೇನೆ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು ಕಾನೂನು ತಿದ್ದುಪಡಿ ಮಾಡಿದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅವನ್ನು ಎತ್ತಿಹಿಡಿಯಿತು. ಗುಲಾಲು ಹಾರಿತು, ನಾನೂ ಸಂತೋಷಪಟ್ಟೆ. ಆದರೆ ಆ ತೀರ್ಪಿನ ಬುಡದಲ್ಲಿರುವುದು ಒಂದು ನಂಬಿಕೆ: ಹೊಸ ಕಾನೂನು, ನಿಯಮಗಳಿಂದ ಪ್ರಾಣಿಗೆ ಆಗುವ ನೋವು ಬಹಳಷ್ಟು ಕಡಿಮೆಯಾಗುತ್ತದೆ ಎಂಬುದು. ಆ ನಂಬಿಕೆಯನ್ನು ಉಳಿಸಿಕೊಳ್ಳುವವರು ನೀವೇ. ಹಾಲುಹಲ್ಲಿನ ಹೋರಿಯನ್ನು ರಸ್ತೆಗೆ ಇಳಿಸಿದ ಪ್ರತಿ ಸಲ ನಿಮ್ಮ ಕೈಯಿಂದಲೇ ಆ ನಂಬಿಕೆಗೆ ಒಂದು ಏಟು ಬೀಳುತ್ತದೆ.

ಇಷ್ಟು ಓದಿ ನಿಮ್ಮಲ್ಲಿ ಬಹಳ ಜನ ತಲೆದೂಗುತ್ತೀರಿ. ‘ಡಾಕ್ಟರು ಖರೇ ಹೇಳ್ಯಾರ’ ಅನ್ನುತ್ತೀರಿ. ಎತ್ತಿನ ವಿಷಯದಲ್ಲಿ ನಿಮ್ಮ ಮನಸ್ಸು ಬಹಳ ಮೆತ್ತಗೆ. ಮುಂದಿನ ಮಾತಿಗೆ ಬೇಸರವಾಗಬಹುದು, ಆದರೂ ಬರೆಯುತ್ತೇನೆ.

ಒಂದು ಮನೆಯಿಂದ ಫೋನ್ ಬಂತು. ‘ಎರಡ ದಿನಾ ಆತ್ರಿ ಡಾಕ್ಟ್ರ, ಹೋರಿ ಹಿಂಡೀಗಿ ಬಾಯಿ ಹಚ್ಚವಲ್ತು.’ ಹೋದೆ. ಜ್ವರ ಇಲ್ಲ. ಎಡಪಕ್ಕೆಗೆ ಮುಷ್ಟಿ ಒತ್ತಿ ನೋಡಿದೆ, ಹೊಟ್ಟೆ ಸರಿಯಾಗಿ ಆಡುತ್ತಿದೆ. ಸಗಣಿ ಸರಿ ಇದೆ. ಬಾಯಲ್ಲಿ ಹುಣ್ಣಿಲ್ಲ. ಗ್ವಾದಲಿಯಲ್ಲಿ ಹತ್ತಿಕಾಳು ನೆನೆಸಿಟ್ಟದ್ದು ಹಾಗೇ ಇದೆ. ಹೋರಿ ಬಾಗಿಲ ಕಡೆ ಮುಖ ಮಾಡಿ ನಿಂತಿದೆ, ಯಾರಾದರೂ ಒಳಗೆ ಬಂದರೆ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಆ ಮನೆಯ ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದರು. ‘ಹುಡುಗ ಹ್ವಾದ ದಿನದಿಂದ ಹಿಂಗ ಐತ್ರಿ’ ಅಂದರು. ಹುಡುಗನನ್ನು ವಸತಿ ಇರುವ ಕೋಚಿಂಗ್ ಕ್ಲಾಸಿಗೆ ಬಿಟ್ಟು ಬಂದಿದ್ದರು. ಐದನೆಯ ಇಯತ್ತೆಯ ಹುಡುಗ. ಆ ಹೋರಿಯನ್ನು ಹೊಳೆಗೆ ಒಯ್ಯುವವನು ಅವನು, ಮೈ ತೊಳೆಯುವವನು ಅವನು, ಅದರ ಹೊಟ್ಟೆಗೆ ತಲೆಯಿಟ್ಟು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದವನೂ ಅವನೇ.

‘ಮಗ ಹೆಂಗದಾನ?’ ಎಂದು ಅವನ ಅಪ್ಪನನ್ನು ಕೇಳಿದೆ. ‘ಮೊದಲ ದಿನ ಭಾಳ ಅತ್ತಾನಂತ್ರಿ. ಈಗ ಸುಮ್ಮಕಾಗ್ಯಾನ. ರೂಢಿ ಆತೈತಿ ಅಂದಾರ’ ಅಂದರು. ಕಾರಹುಣ್ಣಿಮೆ, ನೀವು ಕರ್ನಾಟಕಿ ಬೆಂದೂರ ಅನ್ನುವ ಎತ್ತಿನ ಹಬ್ಬ, ಹದಿನೈದು ದಿನದಲ್ಲಿತ್ತು. ಅವನಿಗೆ ರಜೆ ಸಿಗಲಿಲ್ಲ. ಆ ವರ್ಷ ಹೋರಿಯ ಕೋಡಿಗೆ ಬಣ್ಣ ಹಚ್ಚಿದ್ದು ಮನೆಯ ಆಳು.

ಹಿಂಡಿ ಬಿಟ್ಟ ಹೋರಿಗೆ ಎರಡೇ ದಿನದಲ್ಲಿ ಡಾಕ್ಟರನ್ನು ಕರೆಸಿದಿರಿ. ಅತ್ತು ಅತ್ತು ಸುಮ್ಮನಾದ ಹುಡುಗನಿಗೆ ಯಾರನ್ನು ಕರೆಸಿದಿರಿ? ಆ ಒಬ್ಬ ತಂದೆಯನ್ನು ನಾನು ಕೇಳುತ್ತಿಲ್ಲ, ಅವರು ಮಗನಿಗಾಗಿ ಜೀವ ತೇಯುವ ಮನುಷ್ಯ. ನಮ್ಮೆಲ್ಲರನ್ನೂ ಕೇಳುತ್ತಿದ್ದೇನೆ. ಸುಮ್ಮನಾದ ಕರುವನ್ನು ಕಂಡರೆ ಏನೋ ಆಗಿದೆ ಎಂದು ನಿಮಗೆ ತಿಳಿಯುತ್ತದೆ. ಸುಮ್ಮನಾದ ಮಗುವನ್ನು ಕಂಡು ‘ಶಾಣ್ಯಾ ಆಗ್ಯಾನ’ ಅನ್ನುತ್ತೇವೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಗುಂಟೆಯ ಲೆಕ್ಕಕ್ಕೆ ಬಂದಿದೆ. ತಂಬಾಕಿನ ದರ ವ್ಯಾಪಾರಿಯ ಕೈಯಲ್ಲಿ, ಕಬ್ಬಿನ ಬಿಲ್ಲು ಫ್ಯಾಕ್ಟರಿಯ ಕೈಯಲ್ಲಿ. 2019ರಲ್ಲಿ, ಮತ್ತೆ 2021ರಲ್ಲಿ ಹೊಳೆ ಬಂದು ಕಾರದಗಾ–ಭೋಜ ಸೇತುವೆ, ಭೋಜವಾಡಿ–ಕುನ್ನೂರು ಸೇತುವೆ ಮುಳುಗಿದಾಗ ದನಗಳನ್ನು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋದವರು ನೀವು. ಮಗ ಈ ಹೊಳೆ, ಈ ದರಗಳ ಕೈಯಿಂದ ತಪ್ಪಿಸಿಕೊಳ್ಳಲಿ ಎಂಬ ನಿಮ್ಮ ಆಸೆಗೆ ನಾನು ಕೈ ಮುಗಿಯುತ್ತೇನೆ. ಚಿಕ್ಕೋಡಿ ತಾಲೂಕಿನ ಕೋಥಳಿಯಲ್ಲೇ ನವೋದಯ ಶಾಲೆ ಇದೆ, ಒಳ್ಳೆಯ ಶಾಲೆ, ಹೆಚ್ಚು ಖರ್ಚಿಲ್ಲದ ಶಾಲೆ. ನನ್ನ ಜಗಳ ಅದರೊಂದಿಗಲ್ಲ. ಅಲ್ಲಿ ಆರನೆಯ ಇಯತ್ತೆಗೆ ಇರುವುದು 80 ಸೀಟು, ಪರೀಕ್ಷೆಗೆ ಕೂರುವ ಮಕ್ಕಳು ಸಾವಿರಾರು. ಆ ಒಂದು ಪರೀಕ್ಷೆಗಾಗಿ ಎಂಟೊಂಬತ್ತು ವರ್ಷದ ಮಗುವನ್ನು ಊರು, ಅಜ್ಜಿ, ಹೊಳೆ, ಹೋರಿ ಎಲ್ಲದರಿಂದ ಬಿಡಿಸಿ, ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಲೆಕ್ಕದ ಪ್ರಶ್ನೆ ಬಿಡಿಸಲು ಕೂರಿಸುತ್ತೇವಲ್ಲ, ನನ್ನ ತಕರಾರು ಅದಕ್ಕೆ. ಸೀಟು ಸಿಗದೆ ಹೊರಳಿ ಬರುವ ಮಗು ಹತ್ತನೆಯ ವರ್ಷಕ್ಕೇ ತಾನು ಸೋತವನು ಎಂದು ತಿಳಿದಿರುತ್ತದೆ. ಅದು ಹಾಲುಹಲ್ಲಿನಲ್ಲಿ ರಸ್ತೆಗೆ ಇಳಿಸಿದ ಹೋರಿ. ಪುಸ್ತಕ ಕಂಡರೆ ಹಿಂದೆ ಸರಿಯುತ್ತದೆ.

ಬಾಲ್ಯದಲ್ಲಿ ಖುಷಿಯಾಗಿದ್ದರೆ ಮುಂದೆ ಹೊಟ್ಟೆ ತುಂಬುತ್ತದೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಇದನ್ನು ಅಳೆದು ನೋಡಿದವರೂ ಇದ್ದಾರೆ. ಡಿ ನೆವ್ ಮತ್ತು ಆಸ್ವಾಲ್ಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರು ಹದಿಹರೆಯದಲ್ಲಿ, ಇಪ್ಪತ್ತರ ಹೊಸ್ತಿಲಲ್ಲಿ ಎಷ್ಟು ಸಂತೋಷವಾಗಿದ್ದರು, 29ನೆಯ ವಯಸ್ಸಿನ ಹೊತ್ತಿಗೆ ಎಷ್ಟು ಗಳಿಸುತ್ತಿದ್ದರು ಎಂದು ಜೋಡಿಸಿ ನೋಡಿದರು. ಸಂತೋಷವಾಗಿದ್ದವರ ಗಳಿಕೆ ಹೆಚ್ಚು. ಶ್ರೀಮಂತರ ಮಕ್ಕಳು ಸಂತೋಷವಾಗಿರುತ್ತಾರೆ, ಅವರೇ ಮುಂದೆ ಗಳಿಸುತ್ತಾರೆ, ಅದರಲ್ಲೇನಿದೆ ಎಂಬ ಸಂಶಯ ನನಗೂ ಬಂದಿತ್ತು. ಅದಕ್ಕಾಗಿಯೇ ಅವರು ಒಂದೇ ಮನೆಯ ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ಒಲೆಯ ಅನ್ನ ಉಂಡವರಲ್ಲೂ ಹೆಚ್ಚು ಗೆಲುವಾಗಿದ್ದವರು ಮುಂದಿದ್ದರು. ಅಂಥವರು ಡಿಗ್ರಿ ಮುಗಿಸುವುದು ಹೆಚ್ಚು, ಕೆಲಸ ಸಿಗುವುದು ಹೆಚ್ಚು, ಬಡ್ತಿ ಹೆಚ್ಚು.

ಬ್ರಿಟನ್ನಿನಲ್ಲಿ 1946ರ ಮಾರ್ಚಿನ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ಮುದುಕರಾಗುವವರೆಗೂ ಹಿಂಬಾಲಿಸಿದ್ದಾರೆ. ಅವರಿಗೆ 13, 15 ವರ್ಷವಿದ್ದಾಗ ‘ಈ ಮಗು ಗೆಲುವಾಗಿದೆ, ಗೆಳೆಯರೊಂದಿಗೆ ಬೆರೆಯುತ್ತದೆ’ ಎಂದು ಮಾಸ್ತರರು ಬರೆದಿಟ್ಟ ಮಕ್ಕಳು ನಡುವಯಸ್ಸಿನಲ್ಲಿ ಮನೋರೋಗಕ್ಕೆ ಬಿದ್ದದ್ದು ಕಡಿಮೆ, ಮಾಡುವ ಕೆಲಸದಲ್ಲಿ ತೃಪ್ತಿ ಹೆಚ್ಚು, ಬಂಧುಬಳಗದ ಬಳಕೆ ಹೆಚ್ಚು. ಅಂಥವರಲ್ಲಿ ವಿಚ್ಛೇದನವೂ ಸ್ವಲ್ಪ ಹೆಚ್ಚೇ ಕಂಡಿತಂತೆ. ಎಲ್ಲವನ್ನೂ ಹೇಳಬೇಕೆಂದು ಅದನ್ನೂ ಹೇಳಿದ್ದೇನೆ. ಇವು ಹೊರನಾಡಿನ ಲೆಕ್ಕಗಳು. ಆದರೆ ಅಲ್ಲಿನ ಮಗುವಿಗೂ ಇಲ್ಲಿನ ಮಗುವಿಗೂ ಎಲುಬು ಗಟ್ಟಿಯಾಗುವ ವಯಸ್ಸು ಹೆಚ್ಚುಕಡಿಮೆ ಒಂದೇ. ಮನಸ್ಸು ಗಟ್ಟಿಯಾಗುವ ವಯಸ್ಸು ಮಾತ್ರ ಬೇರೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಮತ್ತೆ ಅಲಾಸ್ಕಾದ ಮಾತಿಗೆ ಬರುತ್ತೇನೆ. ಸೂಸನ್ ಬುಚರ್ ಎಂಬ ಹೆಣ್ಣುಮಗಳು 1986, 87, 88, ಮತ್ತೆ 90ರಲ್ಲಿ, ಹೀಗೆ ನಾಲ್ಕು ಸಲ ಇಡಿಟರಾಡ್ ಗೆದ್ದಳು. ಹುಟ್ಟಿದ್ದು ದೊಡ್ಡ ವಿಶ್ವವಿದ್ಯಾಲಯಗಳಿಗೆ ಹೆಸರಾದ ಊರಿನಲ್ಲಿ. ಆದರೆ ಅಕ್ಷರಗಳು ಕಲಸಿ ಕಾಣುವ ಡಿಸ್ಲೆಕ್ಸಿಯಾ ಇದ್ದುದರಿಂದ ಓದು ಬಹಳ ಕಷ್ಟ. ನಮ್ಮ ಕೋಚಿಂಗ್ ಕ್ಲಾಸಿನಲ್ಲಿದ್ದರೆ ಕೊನೆಯ ಬೆಂಚು. ಅವಳ ಸುಖವೆಲ್ಲ ನಾಯಿಗಳೊಂದಿಗೆ, ಬಯಲಿನಲ್ಲಿ. ಆ ಸುಖವನ್ನೇ ಹಿಡಿದು ಅಲಾಸ್ಕಾಕ್ಕೆ ಹೋದಳು. ಪ್ರತಿ ಮರಿಯನ್ನೂ ಹುಟ್ಟಿದ ದಿನದಿಂದ ತಾನೇ ಕೈಯಾರೆ ಬೆಳೆಸುತ್ತಿದ್ದಳು. ಅವಳ ಗೆಲುವಿನ ತಂಡದ ಮುಂದೆ ಓಡಿದ ಗ್ರ್ಯಾನೈಟ್ ಎಂಬ ನಾಯಿ ಮರಿಯಾಗಿದ್ದಾಗ ಅಂಜುಬುರುಕ, ಅಡ್ಡಾದಿಡ್ಡಿ, ಮುಂದಾಳಾಗುವುದೆಂದು ಯಾರೂ ಎಣಿಸದ ಮರಿ. ಅವಳು ಅದನ್ನು ಕೈಬಿಡಲಿಲ್ಲ, ಅವಸರ ಮಾಡಲಿಲ್ಲ. ಅವಳಿಗಿಂತ ಮೊದಲೇ, 1985ರಲ್ಲಿ, ಗಂಡಸರೆಲ್ಲ ಅಂಜಿ ನಿಂತ ಬಿರುಗಾಳಿಗೆ ಗಾಡಿ ಬಿಟ್ಟು ಗೆದ್ದ ಲಿಬಿ ರಿಡಲ್ಸ್ ಕೂಡ ಹೆಣ್ಣುಮಗಳು. ಎತ್ತಿಗೆ ನೀರು, ಹಿಂಡಿ, ಸಗಣಿಯ ಕೆಲಸವೆಲ್ಲ ನಿಮ್ಮ ಹೆಣ್ಣುಮಕ್ಕಳದು, ಶರ್ಯತ್ತಿನ ದಿನ ಮಾತ್ರ ಅವರು ಮಾಳಿಗೆಯ ಮೇಲೆ. ಅದರ ಬಗ್ಗೆ ಇನ್ನೊಮ್ಮೆ ಬೇರೆಯೇ ಪತ್ರ ಬರೆಯಬೇಕು.

ದೂರದ ಮಾತು ಸಾಕು, ನಮ್ಮೂರಿನದನ್ನೇ ಹೇಳುತ್ತೇನೆ. ಭೋಜದ ಪಾಟೀಲರ ಮನೆಯ ಸಾತಗೌಡ, ಮುಂದೆ ಆಚಾರ್ಯ ಶಾಂತಿಸಾಗರರಾದವರು, 1872ರಲ್ಲಿ ಹುಟ್ಟಿದವರು. ಶಾಲೆ ಕಲಿತದ್ದು ಕಡಿಮೆ. ಬೆಳೆದದ್ದು ಈ ಹೊಲಗಳಲ್ಲಿ, ಈ ಎರಡು ಹೊಳೆಗಳ ಸಂಗಮದಲ್ಲಿ. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕುಡಿಯಲು ನೀರಿಡುತ್ತಿದ್ದರು, ಮುನಿಗಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದರು ಎಂದು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಸಂಸಾರ ಬಿಡುವ ಮನಸ್ಸು ಚಿಕ್ಕಂದಿನಿಂದ ಇದ್ದರೂ ತಂದೆತಾಯಿ ಇರುವವರೆಗೆ ಮನೆಯಲ್ಲೇ ಇದ್ದರು. ನಲವತ್ತು ದಾಟಿದ ಮೇಲೆ ದೀಕ್ಷೆ, 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ. ಆಮೇಲೆ ಬರಿಗಾಲಲ್ಲಿ ದಕ್ಷಿಣದಿಂದ ಸಮ್ಮೇದ ಶಿಖರ್ಜಿ, ದಿಲ್ಲಿಯವರೆಗೆ ನಡೆದರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಹಿಡಿದು ದೇಹ ಬಿಟ್ಟರು. ಅವರ ಸಾಧನೆಯನ್ನು ಗಳಿಕೆಯ ತಕ್ಕಡಿಯಲ್ಲಿ ತೂಗುವ ಅವಿವೇಕ ನನ್ನದಲ್ಲ. ಇಷ್ಟು ದೂರ ನಡೆಯುವ ಕಸುವು ಆ ಜೀವಕ್ಕೆ ಎಲ್ಲಿ ತುಂಬಿತು ಎಂದು ಯೋಚಿಸಿದಾಗಲೆಲ್ಲ ನನಗೆ ಈ ಹೊಲ, ಈ ಹೊಳೆ, ಯಾರೂ ಅವಸರಪಡಿಸದ ಆ ವರ್ಷಗಳು ಕಾಣುತ್ತವೆ.

ಜಾತ್ರಾ ಕಮಿಟಿಯವರೇ, ಈ ಸಲದ ಜಾತ್ರೆಯಿಂದ ಹಾಲುಹಲ್ಲಿನ ಹೋರಿಯನ್ನು ಗಾಡಿಗೆ ಕಟ್ಟಿದವರ ಹೆಸರು ಬರೆದುಕೊಳ್ಳಬೇಡಿ. ನಾಲ್ಕು ಹಲ್ಲಾಗುವವರೆಗೆ ತಾಳಿ. ಎಳೆಯ ಜೋಡಿಗಳಿಗೆ ಬೇಕಿದ್ದರೆ ಮಣ್ಣಿನ ಮೈದಾನದಲ್ಲಿ, ಬಾರಕೋಲು ಇಲ್ಲದೆ, ಮೋಟರ್‌ಸೈಕಲ್ ಬಿಡದೆ, ಬಹುಮಾನದ ಆಸೆಯಿಲ್ಲದ ಒಂದು ಸಣ್ಣ ಓಟ ಇಡಿ. ಮೋಟರ್‌ಸೈಕಲ್, ಬೆಳ್ಳಿ ಗದೆಯ ಬಹುಮಾನಕ್ಕೆ ದೇಣಿಗೆ ಎತ್ತುವ ನೀವು ಆ ಎಳೆಯ ಜೋಡಿಗಳಿಗೆ ತಲಾ ಒಂದು ಚೀಲ ಹಿಂಡಿ ಕೊಟ್ಟರೂ ಸಾಕು. ಹಬ್ಬದ ದಿನ ಕೋಚಿಂಗ್ ಹಾಸ್ಟೆಲಿನ ಮಕ್ಕಳಿಗೆ ರಜೆ ಕೊಡಿ ಎಂದು ಕಮಿಟಿಯಿಂದ ಒಂದು ಪತ್ರ ಬರೆಯಿರಿ. ಒಬ್ಬ ತಂದೆ ಕೇಳಿದರೆ ಆಗದ್ದು ಹತ್ತು ಊರಿನ ಕಮಿಟಿ ಕೇಳಿದರೆ ಆಗುತ್ತದೆ.

ಮನೆಯವರೇ, ಮಗುವನ್ನು ದೂರದ ಪರೀಕ್ಷೆಗೆ ಸಿದ್ಧಮಾಡುವುದಾದರೆ ಮನೆಯಲ್ಲಿದ್ದೇ ಮಾಡಿ. ಊರ ಶಾಲೆಯ ಮಾಸ್ತರರು, ಬಾಯಿಯವರು ಕೇಳಿದರೆ ಸಂಜೆ ಒಂದು ತಾಸು ಕೂರಿಸಿಕೊಳ್ಳುತ್ತಾರೆ, ನಾನು ಕೇಳಿ ನೋಡಿದ್ದೇನೆ. ಸೀಟು ಸಿಕ್ಕರೆ ಆರನೆಯ ಇಯತ್ತೆಗೆ ಹೋಗಲಿ, ಆಗ ಅದು ಹೊರಟದ್ದು, ಹೊರಗೆ ಹಾಕಿದ್ದಲ್ಲ. ಸಿಗದಿದ್ದರೆ ಹೋರಿಯನ್ನು ಹೊಳೆಗೆ ಒಯ್ಯಲಿ, ಮರುದಿನ ಶಾಲೆಗೆ ಹೋಗಲಿ. ಈಗಾಗಲೇ ಬಿಟ್ಟು ಬಂದಿದ್ದರೆ ಈ ರವಿವಾರ ಹೋಗಿ. ಮಾರ್ಕು ಕೇಳಬೇಡಿ. ಎದೆಬಡಿತ ನೋಡುವಂತೆ, ಅವನು ಗೆಲುವಾಗಿದ್ದಾನೆಯೇ ನೋಡಿ, ಉಣ್ಣುವುದನ್ನು ನೋಡಿ, ಕರೆದಾಗ ಹೇಗೆ ಹೊರಳುತ್ತಾನೆ ನೋಡಿ. ನಿಮಗೆ ತಿಳಿಯುತ್ತದೆ. ಮೂಕ ಪ್ರಾಣಿಯ ಮನಸ್ಸು ಓದುವ ಜನ ನೀವು.

ಶರ್ಯತ್ತಿನ ದಿನ ಹಲ್ಲು ನೋಡಿ ಹೋರಿಯ ವಯಸ್ಸು ಬರೆದುಕೊಡುವ ಕೆಲಸಕ್ಕೆ ನಾನು ಬರುತ್ತೇನೆ, ಫೀಜು ಬೇಡ. ನನ್ನ ಜೊತೆ ಇನ್ನಿಬ್ಬರು ಡಾಕ್ಟರರನ್ನೂ ಒಪ್ಪಿಸಿದ್ದೇನೆ. ಕಮಿಟಿಯ ಸಭೆ ಯಾವತ್ತು, ಯಾವ ಗುಡಿಯಲ್ಲಿ ಎಂದು ಒಂದು ಮಾತು ತಿಳಿಸಿ.

ನಿಮ್ಮವನೇ ಆದ,
ದನದ ಡಾಕ್ಟರು
ಭೋಜ